ಡಾಕ್ಟರಿಗೆ ಲೊಕೇಶನ್ ಕಳಿಸುವ ಮುನ್ನ ಕೊಟ್ಟಿಗೆಯಿಂದ ಹೊರಗೆ ಬನ್ನಿ

ರಾತ್ರಿ ಹನ್ನೊಂದು ಗಂಟೆ. ಹಸು ಕರು ಹಾಕಲು ತಿಣುಕುತ್ತಿದೆ, ಕರುವಿನ ಒಂದು ಕಾಲು ಮಾತ್ರ ಹೊರಗೆ ಬಂದಿದೆ. ಪಶುವೈದ್ಯರು ಫೋನಿನಲ್ಲಿ 'ಲೊಕೇಶನ್ ಕಳಿಸಿ, ಹೊರಟೆ' ಎನ್ನುತ್ತಾರೆ. ಕೊಟ್ಟಿಗೆಯಲ್ಲಿ ನಿಂತಲ್ಲೇ ಕಳಿಸುತ್ತೀರಿ. ಅರ್ಧ ಗಂಟೆಯ ಮೇಲೆ ಅವರ ಗಾಡಿ ಪಕ್ಕದ ಊರಿನ ಕೆರೆ ಏರಿಯ ಮೇಲೆ ನಿಂತಿರುತ್ತದೆ! ತೋಟದ ಮನೆಗಳಲ್ಲಿರುವ ಸದಸ್ಯರಿಗೆ ಇದು ಹೊಸ ಕಥೆಯೇನಲ್ಲ.

ತಪ್ಪು ಡಾಕ್ಟರದ್ದೂ ಅಲ್ಲ, ನಿಮ್ಮದೂ ಅಲ್ಲ. ತಲೆಯ ಮೇಲಿದ್ದ ತಗಡಿನ ಶೀಟಿನದು.

ಫೋನು ತಾನಿರುವ ಜಾಗವನ್ನು ಸರಿಯಾಗಿ ತಿಳಿಯುವುದು ಜಿಪಿಎಸ್ ಉಪಗ್ರಹಗಳಿಂದ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಇವು ತಮ್ಮ ಗಡಿಯಾರದ ಸಮಯ ಮತ್ತು ತಾವಿರುವ ಸ್ಥಾನವನ್ನು ಸದಾ ಸಾರುತ್ತಿರುತ್ತವೆ. ಫೋನು ಮೇಲಕ್ಕೆ ಏನನ್ನೂ ಕಳಿಸುವುದಿಲ್ಲ, ರೇಡಿಯೋದಂತೆ ಕೇಳಿಸಿಕೊಳ್ಳುತ್ತದೆ ಅಷ್ಟೆ. ಸೆಕೆಂಡಿಗೆ 3 ಲಕ್ಷ ಕಿ.ಮೀ. ವೇಗದ ಸಂಕೇತ ಎಷ್ಟು ತಡವಾಗಿ ಬಂತು ಎಂಬುದರಿಂದ ದೂರದ ಲೆಕ್ಕ ಹಾಕುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ 300 ಮೀಟರ್ ವ್ಯತ್ಯಾಸ! ಫೋನಿನ ಗಡಿಯಾರ ಅಷ್ಟು ನಿಖರವಲ್ಲದ್ದರಿಂದ, ಅದನ್ನು ಸರಿಪಡಿಸಿಕೊಳ್ಳಲು ಮೂರರ ಜೊತೆಗೆ ನಾಲ್ಕನೆಯ ಉಪಗ್ರಹವೂ ಬೇಕು. ನಮ್ಮ ಇಸ್ರೋದ್ದೇ ನಾವಿಕ್ ವ್ಯವಸ್ಥೆಯೂ ಇದೆ. ಅದರ ಸಂಚರಣಾ ಕೇಂದ್ರ ಬೆಂಗಳೂರು ಬಳಿಯ ಬ್ಯಾಲಾಳುವಿನಲ್ಲಿದೆ.

ಈ ಸಂಕೇತ ಬಹಳ ಕ್ಷೀಣ, ತಗಡನ್ನು ದಾಟಿ ಬರುವುದಿಲ್ಲ. ಆಗ ಫೋನು ಟವರನ್ನು ನಂಬುತ್ತದೆ. ಪೇಟೆಯಲ್ಲಿ ಟವರುಗಳು ಒತ್ತೊತ್ತಾಗಿವೆ, ವೈಫೈ ಕೂಡ ನೆರವಿಗೆ ಬರುತ್ತದೆ. ಹಳ್ಳಿಯಲ್ಲಿ ಒಂದೇ ಟವರು ಹಲವು ಕಿಲೋಮೀಟರಿಗೆ ಆಗಬೇಕು. 'ಈ ಟವರಿನ ಸುತ್ತ ಎಲ್ಲೋ ಇದ್ದೇನೆ' ಎಂದಷ್ಟೇ ಫೋನು ಹೇಳಬಲ್ಲದು.

ಆದ್ದರಿಂದ ಮರಗಳಿಲ್ಲದ ಅಂಗಳಕ್ಕೆ ಬಂದು ಒಂದೆರಡು ನಿಮಿಷ ನಿಲ್ಲಿ. ನಕ್ಷೆಯಲ್ಲಿ ನೀಲಿ ಚುಕ್ಕೆಯ ಸುತ್ತ ತೆಳು ಬಣ್ಣದ ವೃತ್ತ ಕಾಣುತ್ತದಲ್ಲ, ಅದು ಫೋನಿನ ಅನುಮಾನದ ಅಳತೆ. ವೃತ್ತ ಕುಗ್ಗಿದ ಮೇಲೆ ಕಳಿಸಿ. ಬಯಲಿನಲ್ಲಿ ಸಾಮಾನ್ಯವಾಗಿ ಐದಾರು ಮೀಟರಿನೊಳಗೆ ಸರಿಯಾಗಿರುತ್ತದೆ. ಜಾಗ ತಿಳಿಯಲು ಇಂಟರ್ನೆಟ್ ಬೇಕಿಲ್ಲ. ನಕ್ಷೆ ತೆರೆಯಲು, ವಾಟ್ಸಾಪಿನಲ್ಲಿ ಕಳಿಸಲು ಬೇಕು.

ಇನ್ನೂ ಒಳ್ಳೆಯದೆಂದರೆ, ನಾಳೆ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಅಂಗಳದಲ್ಲಿ ನಿಂತು ಲೊಕೇಶನ್ ಉಳಿಸಿಟ್ಟುಕೊಂಡು, ಸಂಘದ ಕಾರ್ಯದರ್ಶಿಗೂ ಡಾಕ್ಟರಿಗೂ ಈಗಲೇ ಕಳಿಸಿಬಿಡಿ. 1962ಕ್ಕೆ ಕರೆ ಮಾಡುವಾಗ ಮಾತ್ರ ಊರು, ಹತ್ತಿರದ ಗುಡಿ, ತೋಟಕ್ಕೆ ತಿರುಗುವ ದಾರಿ ಇಷ್ಟನ್ನೂ ಬಾಯಲ್ಲೇ ಹೇಳಿ.