ಮನೆಯ ಹಿಂದೊಂದು ಪುಟ್ಟ ಕಾರು

"ಗ್ಯಾಸ್ ಆಫ್ ಮಾಡಿದ್ಯಾ?"

ಊರಿಗೆ ಹೊರಟಾಗ, ಬಾಗಿಲಿಗೆ ಬೀಗ ಹಾಕಿದ ಮೇಲೂ ಒಮ್ಮೆ ಹೀಗೆ ಕೇಳದ ಗೃಹಿಣಿ ಯಾರಿದ್ದಾರೆ ಹೇಳಿ? ಮನೆಯವರು ರೇಗುತ್ತಾರೆ, ಮಕ್ಕಳು ನಗುತ್ತಾರೆ. ಆದರೂ ನಾವು ಕೇಳೋದು ಬಿಡೋಲ್ಲ. ನಮ್ಮ ಈ ಚಾಳಿ ಒಂದು ಕಾರಿನ ಗೇರ್‌ಬಾಕ್ಸನ್ನೇ ಉಳಿಸಿತು ಅಂದ್ರೆ ನಂಬ್ತೀರಾ?

ನಾವಿರುವುದು ಅಮೆರಿಕದ ಸಿಯಾಟಲ್ ಹತ್ತಿರ. ಮೈಸೂರಿನಿಂದ ಅತ್ತೆ-ಮಾವ ಬಂದಾಗಲೆಲ್ಲ ಒಂದೇ ತಲೆನೋವು. ಮಾವನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಅತ್ತೆಗೆ ಮಂಡಿನೋವು, ಕಾರಿನಲ್ಲಿ ಎರಡು ಗಂಟೆಗಿಂತ ಹೆಚ್ಚು ಕೂರಲಾರರು. ಕೊನೆಗೆ 2022ರಲ್ಲಿ ನಮ್ಮವರು ಹಳೆಯದೊಂದು ಮೋಟಾರ್‌ಹೋಮ್ ಕೊಂಡರು. ಅದೊಂದು ಚಕ್ರದ ಮೇಲಿನ ಮನೆ. ಒಲೆ, ಫ್ರಿಜ್, ಮಂಚ, ಬಚ್ಚಲು ಎಲ್ಲ ಅದರೊಳಗೇ. ಬಿಸಿಬಿಸಿ ಅನ್ನ-ಸಾರು ಎಲ್ಲಿ ಬೇಕಾದರೂ ರೆಡಿ!

ಆದರೆ ಒಂದು ಮೊಸರಿನ ಡಬ್ಬಿ ತರಬೇಕಾದರೂ ಮನೆಯನ್ನೇ ಓಡಿಸಿಕೊಂಡು ಹೋಗಬೇಕಲ್ಲ! ಮೊಂಟಾನಾದ ಗ್ಲೇಸಿಯರ್ ನ್ಯಾಷನಲ್ ಪಾರ್ಕ್‌ನಲ್ಲಂತೂ 'ಗೋಯಿಂಗ್ ಟು ದಿ ಸನ್' ಎಂಬ ಸುಂದರವಾದ ಬೆಟ್ಟದ ರಸ್ತೆಯ ಮುಖ್ಯ ಭಾಗಕ್ಕೆ 21 ಅಡಿಗಿಂತ ಉದ್ದದ ಗಾಡಿಯನ್ನು ಬಿಡುವುದೇ ಇಲ್ಲ. ಅದಕ್ಕೇ ಇಲ್ಲಿ ಬಹಳ ಜನ ಮೋಟಾರ್‌ಹೋಮ್ ಹಿಂದೆ ಪುಟ್ಟ ಎಸ್‌ಯುವಿಯೊಂದನ್ನು ಕಟ್ಟಿಕೊಂಡು ಹೊರಡುತ್ತಾರೆ. ಮೋಟಾರ್‌ಹೋಮನ್ನು ಕ್ಯಾಂಪ್‌ನಲ್ಲಿ ನಿಲ್ಲಿಸಿ, ಕಾರು ಬಿಚ್ಚಿಕೊಂಡು ಸುತ್ತಾಡಬಹುದು. ನಾವೂ ಹಾಗೇ ಮಾಡಿದೆವು. ಅದು ಸುಲಭ ಅಂದುಕೊಂಡಿದ್ದೇ ತಪ್ಪಾಯಿತು.

ಮೊದಲು ಕಾರಿನ ಜಾತಕ ನೋಡಿ

ಕಾರನ್ನು ಮೂರು ರೀತಿ ಎಳೆಯಬಹುದು. ಇಡೀ ಕಾರನ್ನು ಟ್ರೇಲರ್ ಮೇಲೆ ಹತ್ತಿಸುವುದು ಒಂದು. ಮುಂದಿನ ಎರಡು ಚಕ್ರಗಳನ್ನು ಮಾತ್ರ ಡಾಲಿ ಎಂಬ ಸಣ್ಣ ಗಾಡಿಯ ಮೇಲೆ ಏರಿಸುವುದು ಇನ್ನೊಂದು. ಮೂರನೆಯದು, ನಾಲ್ಕೂ ಚಕ್ರ ರಸ್ತೆಯ ಮೇಲೇ ಉರುಳುವಂತೆ ಎಳೆಯುವುದು. ಟ್ರೇಲರ್ ಎಲ್ಲಿಡೋದು ಎಂಬ ಚಿಂತೆ ಇಲ್ಲದ್ದರಿಂದ ಹೆಚ್ಚಿನವರಿಗೆ ಇದೇ ಇಷ್ಟ.

ಆದರೆ ಎಲ್ಲ ಕಾರಿಗೂ ಇದು ಆಗಿಬರುವುದಿಲ್ಲ. ಎಷ್ಟೋ ಆಟೊಮ್ಯಾಟಿಕ್ ಕಾರುಗಳಲ್ಲಿ ಗೇರ್‌ಬಾಕ್ಸ್‌ಗೆ ಎಣ್ಣೆ ತಲುಪಿಸುವ ಪಂಪ್ ಓಡುವುದು ಎಂಜಿನ್ ಚಾಲೂ ಇದ್ದಾಗ ಮಾತ್ರ. ಎಳೆಯುವಾಗ ಎಂಜಿನ್ ಆಫ್, ಚಕ್ರ ಮಾತ್ರ ತಿರುಗುತ್ತಿರುತ್ತದೆ. ನೀರು ಹಾಕದೆ ಮಿಕ್ಸಿಯಲ್ಲಿ ಚಟ್ನಿ ರುಬ್ಬಿದ ಹಾಗೆ! ಒಳಗಿರುವುದೆಲ್ಲ ಬಿಸಿಯಾಗಿ ಸುಟ್ಟುಹೋಗುತ್ತದೆ.

ನಮ್ಮದು 2013ರ ಹೊಂಡಾ ಸಿಆರ್-ವಿ. 2014ರ ಮಾಡೆಲ್‌ವರೆಗಿನ ಸಿಆರ್-ವಿಯನ್ನು ನಾಲ್ಕು ಚಕ್ರದ ಮೇಲೆ ಎಳೆಯಬಹುದೆಂದು ಕಂಪನಿಯ ಪುಸ್ತಕದಲ್ಲೇ ಇದೆ. 2015ರಿಂದ ಅದಕ್ಕೆ ಸಿವಿಟಿ ಗೇರ್‌ಬಾಕ್ಸ್ ಬಂತು, ಎಳೆಯುವ ಹಾಗಿಲ್ಲ. ಹೆಸರು ಒಂದೇ, ಹೊರಗಿನ ರೂಪವೂ ಹೆಚ್ಚುಕಡಿಮೆ ಒಂದೇ, ಒಳಗಿನ ಗುಣ ಬೇರೆ. ಜೀಪ್ ರ‍್ಯಾಂಗ್ಲರ್‌ನಲ್ಲಿ ಗೇರ್‌ಬಾಕ್ಸಿನ ಆಚೆಗೆ ಟ್ರಾನ್ಸ್‌ಫರ್ ಕೇಸ್ ಎಂಬುದಿದೆ, ಅದನ್ನು ನ್ಯೂಟ್ರಲ್‌ಗೆ ಹಾಕಿದರೆ ಸಾಕು. ಹಾಗಾಗಿ ಪಕ್ಕದ ಮನೆಯವರು ಎಳೆದರು ಅಂತ ನೀವೂ ಎಳೆಯಬೇಡಿ. ನಿಮ್ಮದೇ ಕಾರಿನ, ಅದೇ ವರ್ಷದ ಕೈಪಿಡಿ ತೆಗೆದು ಓದಿ.

ತೂಕದ ಲೆಕ್ಕ

ಇದು ಮನೆಯ ಬಜೆಟ್ ಲೆಕ್ಕದಂತೆಯೇ. ನಮ್ಮ ಮೋಟಾರ್‌ಹೋಮ್ ಸಾಮಾನು, ಜನ ಎಲ್ಲ ಸೇರಿ 14,500 ಪೌಂಡ್ ಮೀರಬಾರದು. ಹಿಂದಿನ ಕಾರೂ ಸೇರಿದರೆ 22,000 ಪೌಂಡ್ ಮಿತಿ. ನಮ್ಮ ಕಾರು ಸುಮಾರು 3,500 ಪೌಂಡ್, ಅಂದರೆ 1,590 ಕಿಲೋ. ಎರಡೂ ಸೇರಿ 18,000 ಆಯಿತು, ಪರವಾಗಿಲ್ಲ. ಆದರೆ ಕಾರನ್ನು ಸಿಕ್ಕಿಸುವ ಹಿಚ್‌ನ ಮಿತಿ 5,000 ಪೌಂಡ್ ಮಾತ್ರ. ಈ ಅಂಕಿಗಳಲ್ಲಿ ಯಾವುದು ಕಡಿಮೆಯೋ ಅದನ್ನೇ ನಂಬಬೇಕು.

ಏನೇನು ಬೇಕು?

• ಬೇಸ್‌ಪ್ಲೇಟ್: ಕಾರಿನ ಮುಂಭಾಗದ ಚೌಕಟ್ಟಿಗೆ ಬಿಗಿಯುವ ಕಬ್ಬಿಣದ ಪಟ್ಟಿ. ಇದನ್ನು ಕೂರಿಸಲು ಮುಂದಿನ ಬಂಪರ್ ಬಿಚ್ಚಬೇಕಾಗುತ್ತದೆ, ಮೆಕ್ಯಾನಿಕ್ ಕೈಗೆ ಬಿಡುವುದೇ ಕ್ಷೇಮ.

• ಟೋ ಬಾರ್: ಎರಡು ಗಾಡಿಗಳನ್ನು ಜೋಡಿಸುವ ಉಕ್ಕಿನ ತೋಳು. ಬ್ಲೂ ಆಕ್ಸ್, ರೋಡ್‌ಮಾಸ್ಟರ್ ಇಲ್ಲಿ ಹೆಸರುವಾಸಿ. ಇದು ನೆಲಕ್ಕೆ ಸಮನಾಗಿ ನಿಲ್ಲಬೇಕು. ಹೆಚ್ಚು ಓರೆಯಾದರೆ ಬ್ರೇಕ್ ಹಾಕಿದಾಗ ಕಾರು ಏರಿಬರಲು ನೋಡುತ್ತದೆ.

• ಸೇಫ್ಟಿ ಕೇಬಲ್: ಟೋ ಬಾರ್ ಕಳಚಿದರೂ ಕಾರು ತಪ್ಪಿಹೋಗದಂತೆ ಹಿಡಿಯುವ ಎರಡು ತಂತಿಹಗ್ಗಗಳು. ಇವನ್ನು ಕತ್ತರಿಯಾಕಾರದಲ್ಲಿ ಅಡ್ಡ ಹಾಕಬೇಕು.

• ದೀಪದ ವೈರ್: ಮುಂದಿನವರು ಬ್ರೇಕ್ ಹಾಕಿದರೆ, ತಿರುಗಿದರೆ, ಕಾರಿನ ಹಿಂದಿನ ದೀಪವೂ ಹೊತ್ತಬೇಕು.

• ಹೆಚ್ಚುವರಿ ಬ್ರೇಕ್: ಮೋಟಾರ್‌ಹೋಮ್ ನಿಂತಾಗ ಕಾರಿನ ಬ್ರೇಕನ್ನೂ ಒತ್ತುವ ಸಾಧನ. ಜೊತೆಗೆ ಬ್ರೇಕ್‌ಅವೇ ಸ್ವಿಚ್ ಇರಬೇಕು. ಕಾರು ಕಳಚಿಕೊಂಡರೆ ಅದರ ಪಿನ್ ಕಿತ್ತು, ಕಾರು ತಾನಾಗೇ ಬ್ರೇಕ್ ಹಾಕಿಕೊಳ್ಳುತ್ತದೆ.

ಕೂಲಿ ಸೇರಿ ನಮಗೆ ನಾಲ್ಕು ಸಾವಿರ ಡಾಲರ್ ಹತ್ತಿರ ಬಿತ್ತು. "ಬ್ರೇಕ್ ಒಂದು ಬೇಡ, ಸಾವಿರ ಡಾಲರ್ ಉಳಿಯುತ್ತೆ, ದೊಡ್ಡ ಗಾಡಿಗೇ ಬ್ರೇಕ್ ಇದೆಯಲ್ಲ" ಅಂದರು ನಮ್ಮವರು. ದೊಡ್ಡ ಗಾಡಿಯ ಬ್ರೇಕ್ ತನ್ನ ಭಾರ ನಿಲ್ಲಿಸುವುದಕ್ಕೆ ಮಾಡಿದ್ದು, ಹಿಂದೆ ಒಂದೂವರೆ ಟನ್ ತಳ್ಳುತ್ತಾ ಬರುವುದಕ್ಕಲ್ಲ. ಇಲ್ಲಿನ ಅನೇಕ ರಾಜ್ಯಗಳಲ್ಲಿ ಇಂತಿಷ್ಟು ತೂಕ ಮೀರಿದರೆ ಬ್ರೇಕ್ ಕಡ್ಡಾಯ ಕೂಡ. ನಾನು ಹಟ ಹಿಡಿದೆ. ಒಳಗೆ ಮಲಗುವುದು ನಮ್ಮ ಅತ್ತೆ-ಮಾವ, ನನ್ನ ಮಗಳು. ಸೋಫಾ ಕವರ್ ಬೇಕಾದರೆ ಮುಂದಿನ ವರ್ಷ ಬರಲಿ.

ಸುಟ್ಟ ವಾಸನೆ

ಇಷ್ಟೆಲ್ಲ ಮಾಡಿಸಿದ ಮೇಲೂ ಮೊದಲ ಪ್ರವಾಸದಲ್ಲೇ ಎಡವಿದೆವು. 2022ರ ಆಗಸ್ಟ್, ಒರೆಗಾನ್ ಕಡಲತೀರಕ್ಕೆ ಹೊರಟಿದ್ದೆವು. ಒಂದು ಗಂಟೆ ಕಳೆದಿರಬೇಕು, ಪಕ್ಕದ ಲಾರಿಯವನು ಹಾರ್ನ್ ಮಾಡುತ್ತಾ ಹಿಂದಕ್ಕೆ ಕೈ ತೋರಿಸಿದ. ನಿಲ್ಲಿಸಿ ನೋಡಿದರೆ ಕಾರಿನ ಹಿಂದಿನ ಚಕ್ರಗಳಿಂದ ಹೊಗೆ! ಪಾರ್ಕಿಂಗ್ ಬ್ರೇಕ್ ತೆಗೆಯುವುದನ್ನೇ ಮರೆತಿದ್ದೆವು. ಅಷ್ಟು ದೊಡ್ಡ ಗಾಡಿ ಓಡಿಸುವವರಿಗೆ ಹಿಂದೆ ಕಾರು ಜಗ್ಗುತ್ತಿರುವುದು ಗೊತ್ತೇ ಆಗುವುದಿಲ್ಲ. ಆ ಲಾರಿಯವನು ಪುಣ್ಯಾತ್ಮ. ಎರಡು ಟೈರ್, ಹಿಂದಿನ ಬ್ರೇಕ್ ಪ್ಯಾಡ್ ಹೋದವು, ಜೀವ ಉಳಿಯಿತು.

"ನೀನು ತೆಗೆದಿದ್ದೀಯ ಅಂದ್ಕೊಂಡೆ" ಅಂದರು ಅವರು. "ನೀವು ತೆಗೆದಿದ್ದೀರಿ ಅಂದ್ಕೊಂಡೆ" ಅಂದೆ ನಾನು. ಅವತ್ತು ರಾತ್ರಿಯೇ ಮಗಳ ನೋಟ್‌ಬುಕ್ಕಿನ ಹಾಳೆ ಹರಿದು ಪಟ್ಟಿ ಬರೆದೆ.

ಪಟ್ಟಿ ಹಿಡಿದು ಓದಿ

ನಮ್ಮ ಕಾರಿಗೆ ಅದರ ಕೈಪಿಡಿ ಹೇಳುವ ಕ್ರಮ ಇದು:

1. ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿ, ಗೇರ್ ಲಿವರನ್ನು ಎಲ್ಲ ಸ್ಥಾನಕ್ಕೂ ಒಮ್ಮೆ ಸರಿಸಿ.

2. 'ಡಿ'ಗೆ ಹಾಕಿ 5 ಸೆಕೆಂಡ್ ಹಿಡಿಯಿರಿ, ಆಮೇಲೆ ನ್ಯೂಟ್ರಲ್.

3. ಎಂಜಿನ್ 3 ನಿಮಿಷ ಓಡಲಿ, ನಂತರ ಆಫ್ ಮಾಡಿ. ಕೀಲಿ ಮಾತ್ರ ಮೊದಲ ಸ್ಥಾನದಲ್ಲೇ ಇರಲಿ, ಇಲ್ಲವಾದರೆ ಸ್ಟೀರಿಂಗ್ ಲಾಕ್ ಆಗುತ್ತದೆ.

4. ಪಾರ್ಕಿಂಗ್ ಬ್ರೇಕ್ ಬಿಡಿ.

5. ವೇಗ ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿ.ಮೀ. ದಾಟಬಾರದು. ದಿನಕ್ಕೆ 8 ಗಂಟೆಗಿಂತ ಹೆಚ್ಚು ಎಳೆಯುವುದಾದರೆ ನಡುವೆ ನಿಲ್ಲಿಸಿ ಇದನ್ನೆಲ್ಲ ಮತ್ತೆ ಮಾಡಬೇಕು.

ಇದರ ಕೆಳಗೆ ನನ್ನದೇ ನಾಲ್ಕು ಸಾಲು: ಟೋ ಬಾರ್ ಪಿನ್ ಎಲ್ಲ ಹಾಕಿದೆಯಾ? ಕೇಬಲ್ ಅಡ್ಡ ಹಾಕಿದೆಯಾ? ದೀಪ ಹೊತ್ತುತ್ತಿವೆಯಾ? ಹತ್ತು ಮಾರು ಮುಂದೆ ಹೋಗಿ ನಿಂತಾಗ ನಾಲ್ಕೂ ಚಕ್ರ ಉರುಳಿದವಾ? ಈ ಕೊನೆಯದನ್ನು ಕೆಳಗಿಳಿದು ಕಣ್ಣಾರೆ ನೋಡಬೇಕು. ಇನ್ನೊಂದು ಮಾತು, ಕಾರು ಕಟ್ಟಿಕೊಂಡು ರಿವರ್ಸ್ ಹೋಗುವ ಹಾಗಿಲ್ಲ. ಕಾರಿನ ಮುಂದಿನ ಚಕ್ರ ಅಡ್ಡ ತಿರುಗಿ ಟೋ ಬಾರ್ ಬಾಗುತ್ತದೆ. ಪೆಟ್ರೋಲ್ ಬಂಕಿಗೆ ನುಗ್ಗುವ ಮೊದಲೇ ಹೊರಬರುವ ದಾರಿ ನೋಡಿಕೊಳ್ಳಿ.

2023ರ ಜುಲೈನಲ್ಲಿ ಅತ್ತೆ-ಮಾವನ ಜೊತೆ ಗ್ಲೇಸಿಯರ್‌ಗೆ ಹೊರಟೆವು, ಎಂಟುನೂರು ಕಿ.ಮೀ.ಗೂ ಹೆಚ್ಚು ದಾರಿ. ಎರಡನೇ ಬೆಳಿಗ್ಗೆ ಟೋ ಬಾರ್‌ಗೆ ಸರಿಹೊಂದಿಸಲು ಇವರು ಕಾರನ್ನು ಸ್ವಲ್ಪ ಹಿಂದೆ ತೆಗೆದರು.

"ಡಿಗೆ ಹಾಕಿದ್ರಾ?"

"ಎಲ್ಲಾ ಆಯ್ತು ಕಣೇ, ಹತ್ತು."

"ಐದು ಸೆಕೆಂಡ್ ಎಣಿಸಿದ್ರಾ?"

ಉತ್ತರ ಇಲ್ಲ. ರಿವರ್ಸ್‌ನಿಂದ ನೇರ ನ್ಯೂಟ್ರಲ್‌ಗೆ ಹಾಕಿದ್ದರು. ಹಾಗೆ ಎಳೆದರೆ ಗೇರ್‌ಬಾಕ್ಸ್ ತೀವ್ರವಾಗಿ ಹಾಳಾಗುತ್ತದೆಂದು ಕೈಪಿಡಿಯಲ್ಲೇ ಎಚ್ಚರಿಕೆ ಇದೆ. ಮುಖ ಸಪ್ಪಗೆ ಮಾಡಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದರು. ಒಳಗಿನಿಂದ ಅತ್ತೆ, "ನಲವತ್ತು ವರ್ಷದಿಂದ ನಾನೂ ಗ್ಯಾಸ್ ಕೇಳ್ತಾನೇ ಇದ್ದೀನಿ, ನಿಮ್ಮಪ್ಪಂಗೂ ಹೀಗೇ ಸಿಟ್ಟು" ಅಂದರು. ಆ ಮಧ್ಯಾಹ್ನ ಲುಕ್‌ಔಟ್ ಪಾಸ್ ಘಾಟಿ ಇಳಿಯುವಾಗ ಹಿಂದಿನ ಕಾರು ತಾನೂ ಬ್ರೇಕ್ ಹಿಡಿಯುತ್ತಿರುವುದು ಗೊತ್ತಾಗುತ್ತಿತ್ತು. ಇವರು ಏನೂ ಹೇಳಲಿಲ್ಲ. ಕೆಳಗಿಳಿದ ಮೇಲೆ, "ಆ ಸಾವಿರ ಡಾಲರ್ ಸಾರ್ಥಕ" ಅಂದರು ಅಷ್ಟೇ.

ನಮ್ಮೂರಲ್ಲೂ ನೆನಪಿರಲಿ

ನಮಗ್ಯಾಕೆ ಇದೆಲ್ಲ ಅನ್ನಬೇಡಿ. ಬೆಂಗಳೂರಿನಲ್ಲಿ ಈಗ ಎಷ್ಟೊಂದು ಮನೆಗಳಲ್ಲಿ ಆಟೊಮ್ಯಾಟಿಕ್ ಕಾರು. ಅದು ನಡುರಸ್ತೆಯಲ್ಲಿ ಕೆಟ್ಟರೆ ಹಗ್ಗ ಕಟ್ಟಿ ಎಳೆಸಬೇಡಿ. ಇಡೀ ಕಾರನ್ನು ಹೊತ್ತೊಯ್ಯುವ ಫ್ಲಾಟ್‌ಬೆಡ್ ಗಾಡಿಯನ್ನೇ ಕರೆಸಿ. ಮಕ್ಕಳ ಮನೆಗೆ ಅಮೆರಿಕಕ್ಕೆ ಬಂದವರು, ಅವರು ಕಾರು ಕಟ್ಟಿಕೊಂಡು ಹೊರಟರೆ ಸುಮ್ಮನೆ ಕಿಟಕಿ ಪಕ್ಕ ಕೂರಬೇಡಿ. ಪಟ್ಟಿ ಕೈಗೆ ತೆಗೆದುಕೊಂಡು ಗಟ್ಟಿಯಾಗಿ ಓದಿ, ಪ್ರತಿ ಸಾಲಿಗೂ "ಹೂಂ" ಅನ್ನಿಸಿಕೊಳ್ಳಿ. ರೇಗಿದರೆ ರೇಗಲಿ ಬಿಡಿ. ಗ್ಯಾಸ್ ಆಫ್ ಮಾಡಿದ್ಯಾ ಅಂತ ಕೇಳಿ ಕೇಳಿ ನಮಗೆ ಅಭ್ಯಾಸ ಆಗಿದೆಯಲ್ಲ!