ಪದಸೂಚಿಗೆ ತಂತ್ರಾಂಶ: ಹಣ ತೆರುವ ಮುನ್ನ ನೋಡಬೇಕಾದ ಅಂಶಗಳು

ಹಿಂದಿನ ಕಾಲದ ಲೆಡ್ಜರ್ ಪುಸ್ತಕಗಳ ಆರಂಭದಲ್ಲಿ ಅಕ್ಷರವಾರು ಅಂಚು ಕತ್ತರಿಸಿದ ಕೆಲವು ಹಾಳೆಗಳಿರುತ್ತಿದ್ದವು. ಖಾತೆದಾರನ ಹೆಸರು ಮತ್ತು ಅವನ ಖಾತೆಯಿರುವ ಪುಟಸಂಖ್ಯೆ ಅಲ್ಲಿ ನಮೂದಾಗಿರುತ್ತಿತ್ತು. ಲೆಕ್ಕ ಎಷ್ಟೇ ಶುದ್ಧವಾಗಿದ್ದರೂ ಆ ಹಾಳೆಗಳು ಹರಿದುಹೋದರೆ ಒಬ್ಬನ ಬಾಕಿ ಹುಡುಕಲು ಇಡೀ ಪುಸ್ತಕವನ್ನೇ ಮಗುಚಬೇಕಾಗುತ್ತಿತ್ತು. ಪುಸ್ತಕ ಹಾಗೂ ನಿಯತಕಾಲಿಕೆಗಳ ಕೊನೆಯಲ್ಲಿ ಬರುವ ಪದಸೂಚಿಯ ಕೆಲಸವೂ ಇದೇ ಆಗಿದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಮುದ್ರಣ ಉದ್ಯಮಿಗಳಿಗೆ ಮತ್ತು ವರ್ತಕ ಸಂಘಗಳಿಗೆ ಈ ವಿಷಯ ದೂರದ್ದಲ್ಲ. ಸ್ಮರಣ ಸಂಚಿಕೆ, ತಾಲ್ಲೂಕಿನ ಇತಿಹಾಸ, ವರ್ತಕರ ಕೈಪಿಡಿ, ಸಂಘದ ಪತ್ರಿಕೆಯ ವಾರ್ಷಿಕ ಸಂಪುಟ ಇವೆಲ್ಲಕ್ಕೂ ಸೂಚಿ ಬೇಕು. ಮುದ್ರಣಾಲಯವು ಒಟ್ಟು ದರ ಒಪ್ಪಿಕೊಂಡು ಪುಟವಿನ್ಯಾಸ ಮುಗಿಸಿದ ಮೇಲೆ ಗ್ರಾಹಕರು ಸೂಚಿ ಕೇಳಿದರೆ, ಆ ಕೆಲಸ ಕೈಯಿಂದಲೇ ಆಗಬೇಕಾಗುತ್ತದೆ. ಆಗ ಇಡೀ ಕೆಲಸದ ಲಾಭ ಸೂಚಿಯಲ್ಲೇ ಕರಗಿಹೋಗುವ ಸಂಭವವಿದೆ. ಆದ್ದರಿಂದ ತಂತ್ರಾಂಶದ ಆಯ್ಕೆಯನ್ನು ವೆಚ್ಚದ ಲೆಕ್ಕವಾಗಿಯೇ ನೋಡುವುದು ಯುಕ್ತ.

ಮೊದಲ ಪ್ರಶ್ನೆ: ಪಠ್ಯ ಯಾವ ಸಂಕೇತದಲ್ಲಿದೆ?

ಸಾಮಾನ್ಯವಾಗಿ ಎಲ್ಲರೂ ಮೊದಲು ಕೇಳುವುದು ತಂತ್ರಾಂಶದ ಬೆಲೆಯನ್ನು. ಕನ್ನಡದ ಮಟ್ಟಿಗೆ ಮೊದಲು ಕೇಳಬೇಕಾದದ್ದು ಪಠ್ಯದ ಅಕ್ಷರ ಸಂಕೇತವನ್ನು. ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಬಂದ ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಇರಿಸಿದ್ದವು. ಪೇಜ್‌ಮೇಕರ್‌ನಲ್ಲಿ ಸಿದ್ಧವಾದ ಅಸಂಖ್ಯ ಕಡತಗಳು ಇಂದಿಗೂ ಹಾಗೆಯೇ ಉಳಿದಿವೆ. ಪರದೆಯ ಮೇಲೆ ಅದು ಕನ್ನಡ. ಆದರೆ ಗಣಕಯಂತ್ರದ ಪಾಲಿಗೆ ರೋಮನ್ ಅಕ್ಷರ ಹಾಗೂ ಚಿಹ್ನೆಗಳ ಸಾಲು. ಅದನ್ನು ಅಕಾರಾದಿಯಾಗಿ ಜೋಡಿಸಲು ಹೇಳಿದರೆ 'ಕ' ಬಂದ ಎಷ್ಟೋ ಹೊತ್ತಿನ ಮೇಲೆ 'ಕಿ' ಬರುತ್ತದೆ; ನಡುವೆ ಬೇರೆ ಅಕ್ಷರಗಳು ನುಸುಳುತ್ತವೆ.

1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನ ನೀಡಿರುವ ಯುನಿಕೋಡ್‌ನಲ್ಲಿ ಪಠ್ಯವಿದ್ದರೆ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಹಳೆಯ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಲಭ್ಯವಿವೆ. ಆದರೆ ಪರಿವರ್ತನೆಯ ನಂತರ 'ಕಾರ್ಖಾನೆ', 'ವರ್ತಕ' ಮೊದಲಾದ ಅರ್ಕಾವತ್ತು ಇರುವ ಪದಗಳನ್ನು ತಪ್ಪದೆ ಪರಿಶೀಲಿಸಬೇಕು. ಹಳೆಯ ಸಂಕೇತದಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ರಕಾರ ಮೊದಲು ಬರುತ್ತದೆ. ಕೆಲವರು ಅರ್ಕಾವತ್ತಿನ ಬದಲು ಒಂಬತ್ತರ ಅಂಕಿಯನ್ನೇ ಒತ್ತಿರುವುದೂ ಉಂಟು. ಅಂತಹ ಪದ ಸೂಚಿಯಲ್ಲಿ ತನ್ನ ಸ್ಥಾನ ತಪ್ಪುತ್ತದೆ. 'ಸಾಫ್ಟ್‌ವೇರ್' ಎಂಬಂತಹ ಪದಗಳಲ್ಲಿ ಒತ್ತಕ್ಷರವನ್ನು ತಡೆಯುವ ಅಗೋಚರ ಚಿಹ್ನೆ ಒಂದೆಡೆ ಇದ್ದು ಇನ್ನೊಂದೆಡೆ ಇಲ್ಲದಿದ್ದರೆ ಒಂದೇ ಪದ ಎರಡು ನಮೂದುಗಳಾಗಿ ಒಡೆಯಬಹುದು.

ಲಭ್ಯವಿರುವ ಸಾಧನಗಳು

1. ಪದಸಂಸ್ಕಾರಕಗಳು: ಮೈಕ್ರೋಸಾಫ್ಟ್ ವರ್ಡ್ ಮತ್ತು ಉಚಿತವಾದ ಲಿಬ್ರೆ ಆಫೀಸ್‌ಗಳಲ್ಲಿ ಪಠ್ಯದೊಳಗೇ ಪದವನ್ನು ಗುರುತುಹಾಕುವ ಸೌಲಭ್ಯವಿದೆ. ಪುಟ ಬದಲಾದರೂ ಸೂಚಿಯನ್ನು ನವೀಕರಿಸಬಹುದು. ಪದಗಳ ಪಟ್ಟಿ ಕೊಟ್ಟು ತಾನಾಗಿಯೇ ಗುರುತು ಹಾಕಿಸುವ ಕ್ರಮವೂ ಇದೆ. ಆದರೆ 'ರೇಷ್ಮೆಯನ್ನು', 'ರೇಷ್ಮೆಗೆ', 'ರೇಷ್ಮೆಯಿಂದ' ಎಂಬ ರೂಪಗಳನ್ನೆಲ್ಲ ಆ ಪಟ್ಟಿಯಲ್ಲಿ ಒಂದೊಂದಾಗಿ ಬರೆಯಬೇಕಾಗುತ್ತದೆ.

2. ಪುಟವಿನ್ಯಾಸ ತಂತ್ರಾಂಶ: ಇನ್‌ಡಿಸೈನ್‌ನಲ್ಲಿ ಸೂಚಿಯ ಸೌಲಭ್ಯ ಅಡಕವಾಗಿದೆ. ಈಗಾಗಲೇ ಅದನ್ನು ಬಳಸುತ್ತಿರುವ ಮುದ್ರಣಾಲಯಕ್ಕೆ ಹೆಚ್ಚುವರಿ ವೆಚ್ಚವಿಲ್ಲ. ಕನ್ನಡದ ಅಕಾರಾದಿ ಕ್ರಮ ಸರಿಯಾಗಿ ಬರುವುದೇ ಎಂಬುದನ್ನು ಮಾತ್ರ ಪರೀಕ್ಷಿಸಿಕೊಳ್ಳಬೇಕು.

3. ವಿಶೇಷ ತಂತ್ರಾಂಶ: ಸಿಂಡೆಕ್ಸ್, ಮ್ಯಾಕ್ರೆಕ್ಸ್, ಸ್ಕೈ ಇಂಡೆಕ್ಸ್ ಎಂಬ ಮೂರು ವೃತ್ತಿನಿರತ ಸೂಚಿಕಾರರಿಗಾಗಿ ರೂಪುಗೊಂಡವು. ನಮೂದುಗಳನ್ನು ಪಠ್ಯದಿಂದ ಪ್ರತ್ಯೇಕವಾಗಿ ಇಟ್ಟು ವಿಂಗಡಿಸುವುದು, 'ನೋಡಿ' ಎಂಬ ಅಡ್ಡಸೂಚನೆಗಳನ್ನು ತಾಳೆ ನೋಡುವುದು ಇವುಗಳ ಬಲ. ಇಂಗ್ಲಿಷ್ ಪುಸ್ತಕಗಳ ಅಗತ್ಯಕ್ಕೆ ತಕ್ಕಂತೆ ಬೆಳೆದವಾದ್ದರಿಂದ ಕನ್ನಡ ಪಠ್ಯದಲ್ಲಿ ಪರೀಕ್ಷಿಸದೆ ಖರೀದಿಸಬಾರದು.

4. ಸ್ಪ್ರೆಡ್‌ಶೀಟ್: ಹನ್ನೆರಡು ಸಂಚಿಕೆಗಳು ಹನ್ನೆರಡು ಪ್ರತ್ಯೇಕ ಕಡತಗಳಾಗಿರುವ ಮಾಸಪತ್ರಿಕೆಗೆ ಇದೇ ಹೆಚ್ಚು ಅನುಕೂಲಕರ. ಶೀರ್ಷಿಕೆ, ಉಪಶೀರ್ಷಿಕೆ, ಲೇಖಕ, ಸಂಪುಟ, ಸಂಚಿಕೆ, ಪುಟ ಎಂದು ಆರು ಕಲಂಗಳಿದ್ದರೆ ಸಾಕು. ಪ್ರತಿ ಸಂಚಿಕೆ ಮುದ್ರಣಕ್ಕೆ ಹೋದ ದಿನವೇ ನಮೂದಿಸಿದರೆ, ವರ್ಷಾಂತ್ಯದಲ್ಲಿ ಹೊಸ ಕೆಲಸವೇ ಇರುವುದಿಲ್ಲ.

ಯಂತ್ರ ನಿರ್ಧರಿಸಲಾಗದ ಸಂಗತಿ

ತಂತ್ರಾಂಶವು ವಿಂಗಡಿಸಬಲ್ಲದು, ವಿವೇಚಿಸಲಾರದು. ಇದಕ್ಕೆ ಈ ನಾಲ್ಕು ಊರುಗಳೇ ಸಾಕ್ಷಿ. ಬಿ. ಲೂಯಿಸ್ ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 9ನೆಯ ಸಂಪುಟ 1905ರಲ್ಲಿ ಪ್ರಕಟವಾಯಿತು. ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳಿರುವ ಆ ಸಂಪುಟದಲ್ಲಿ ಇಂದಿನ ಕನಕಪುರವನ್ನು ಕಾನಕಾನಹಳ್ಳಿ ಎಂಬ ಹೆಸರಿನಲ್ಲಿ ಹುಡುಕಬೇಕು. ರಾಮನಗರಕ್ಕೆ ಕ್ಲೋಸ್‌ಪೇಟೆ ಎಂಬ ಹಳೆಯ ಹೆಸರಿದೆ. 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಯನ್ನು ರಾಜ್ಯ ಸರ್ಕಾರ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣ ಮಾಡಿತು. ವ್ಯಾಪಾರದ ಪದಗಳಲ್ಲಿಯೂ ಹೀಗೆಯೇ: ಚನ್ನಪಟ್ಟಣದ್ದು ಬೊಂಬೆಯೂ ಹೌದು, ಗೊಂಬೆಯೂ ಹೌದು, ನೂಲು ಬಿಚ್ಚಣಿಕೆ ಎಂದು ಬರೆದದ್ದನ್ನು ಓದುಗನು ರೀಲಿಂಗ್ ಎಂದು ಹುಡುಕುತ್ತಾನೆ. ಇವುಗಳ ನಡುವೆ 'ನೋಡಿ' ಎಂಬ ಸಂಬಂಧ ಕಲ್ಪಿಸುವುದು ವಿಷಯ ಬಲ್ಲವರ ಕೆಲಸ. ಎಸ್.ಆರ್. ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದ್ದನ್ನು ಗಮನಿಸಿದರೆ, ವಿಷಯ ನಿರ್ಣಯವು ಒಂದು ಶಾಸ್ತ್ರವೇ ಎಂಬುದು ಮನವರಿಕೆಯಾಗುತ್ತದೆ.

ತೆರಿಗೆಯ ಅಂಶ

ವಿದೇಶಿ ಸಂಸ್ಥೆಯಿಂದ ಅಂತರಜಾಲದ ಮೂಲಕ ತಂತ್ರಾಂಶ ಪಡೆದರೆ ಅದು ಸೇವೆಯ ಆಮದು ಎನಿಸುತ್ತದೆ. ಜಿಎಸ್‌ಟಿ ನೋಂದಣಿಯುಳ್ಳ ಉದ್ಯಮಿಯು ರಿವರ್ಸ್ ಚಾರ್ಜ್ ಪದ್ಧತಿಯಂತೆ ಐಜಿಎಸ್‌ಟಿಯನ್ನು ತಾನೇ ನಗದಾಗಿ ಪಾವತಿಸಬೇಕು. ತೆರಿಗೆಗೊಳಪಡುವ ವ್ಯವಹಾರಕ್ಕೆ ಬಳಸಿದಲ್ಲಿ ಅದರ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಮುದ್ರಿತ ಪುಸ್ತಕಗಳ ಮಾರಾಟಕ್ಕೆ ಜಿಎಸ್‌ಟಿ ಇಲ್ಲವಾದ್ದರಿಂದ, ಕೇವಲ ಪುಸ್ತಕ ಪ್ರಕಟಿಸಿ ಮಾರುವವರಿಗೆ ಈ ಜಮೆ ದೊರೆಯದೆ ತೆರಿಗೆಯೂ ವೆಚ್ಚಕ್ಕೆ ಸೇರುತ್ತದೆ. ಆದಾಯ ತೆರಿಗೆಯ ಮಟ್ಟಿಗೆ, ದ್ವಿತೆರಿಗೆ ನಿವಾರಣಾ ಒಪ್ಪಂದವಿರುವ ದೇಶದ ಮಾರಾಟಗಾರನಿಗೆ ಸ್ವಂತ ಬಳಕೆಯ ತಂತ್ರಾಂಶಕ್ಕಾಗಿ ಕೊಟ್ಟ ಹಣ ರಾಯಧನವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2021ರ ಮಾರ್ಚ್ 2ರಂದು ತೀರ್ಪು ನೀಡಿತು. ಕರ್ನಾಟಕ ಉಚ್ಚ ನ್ಯಾಯಾಲಯದ 2011ರ ವ್ಯತಿರಿಕ್ತ ತೀರ್ಪು ಇದರಿಂದ ತೆರವಾಯಿತು.

ಖರೀದಿಗೆ ಮುನ್ನ

ತಮ್ಮದೇ ಪುಸ್ತಕದ ಹದಿನಾರು ಪುಟಗಳನ್ನು ಆರಿಸಿ, ಪ್ರಾಯೋಗಿಕ ಆವೃತ್ತಿಯಲ್ಲಿ ಸೂಚಿ ತಯಾರಿಸಿ ನೋಡುವುದು ಕ್ಷೇಮಕರ. ಅಂಗಡಿ, ಆಯಾತ, ಕಾರ್ಖಾನೆ, ಕ್ರಯಪತ್ರ, ಖಾತೆ ಎಂಬ ಐದು ಪದಗಳು ಇದೇ ಕ್ರಮದಲ್ಲಿ ಬರದಿದ್ದರೆ ಆ ತಂತ್ರಾಂಶವನ್ನು ಬದಿಗಿಡಬಹುದು. 'ಅಂಗಡಿ' ಮೊದಲೋ 'ಅಕ್ಕಿ' ಮೊದಲೋ ಎಂಬ ವಿಷಯದಲ್ಲಿ ಗ್ರಾಹಕರು ಒಪ್ಪುವ ನಿಘಂಟೊಂದರ ಕ್ರಮವನ್ನು ಮೊದಲೇ ನಿಗದಿಪಡಿಸಿಕೊಳ್ಳಬೇಕು. ಪ್ರಯೋಗಕ್ಕೆ ತಗುಲಿದ ಗಂಟೆಗಳನ್ನು ಬರೆದಿಟ್ಟು, ಅದನ್ನು ಇಡೀ ಪುಸ್ತಕದ ಪುಟಗಳಿಗೆ ಅನ್ವಯಿಸಿದರೆ ಕೂಲಿಯ ಅಂದಾಜು ದೊರೆಯುತ್ತದೆ. ವರ್ಷಕ್ಕೆ ಒಂದೆರಡು ಪುಸ್ತಕಗಳನ್ನಷ್ಟೇ ಮಾಡುವವರಿಗೆ ಉಚಿತ ಸಾಧನವೇ ಸಾಕಾಗಬಹುದು.

ಕೊನೆಯದಾಗಿ, ಮುದ್ರಣದ ದರಪಟ್ಟಿಯಲ್ಲಿ ಪದಸೂಚಿಯನ್ನು ಪ್ರತ್ಯೇಕ ಬಾಬತ್ತಾಗಿ ನಮೂದಿಸುವುದನ್ನು ಉದ್ಯಮಿಗಳು ರೂಢಿಸಿಕೊಳ್ಳಬೇಕು. ಶೀರ್ಷಿಕೆಗಳನ್ನು ಯಾರು ನಿರ್ಧರಿಸುತ್ತಾರೆ, ಯುನಿಕೋಡ್ ಪಠ್ಯವನ್ನು ಯಾರು ಒದಗಿಸುತ್ತಾರೆ ಎಂಬುದನ್ನೂ ಅದರಲ್ಲಿಯೇ ಬರೆದುಕೊಂಡರೆ ಮುಂದಿನ ತಕರಾರಿಗೆ ಅವಕಾಶವಿರುವುದಿಲ್ಲ.