ಕೊಟ್ಟರೆ ಸುಖ ಎಂದರೆ ಮನಸ್ಸೇಕೆ ನಂಬುವುದಿಲ್ಲ?

ಕೊಡುವುದರಲ್ಲಿ ಹೆಚ್ಚು ಸುಖವಿದೆ ಎಂಬ ಮಾತು ಪ್ರವಚನಕ್ಕೆ ಸರಿ, ಅದಕ್ಕೆ ವಿಜ್ಞಾನದ ಆಧಾರವೇನಾದರೂ ಉಂಟೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಆಧಾರ ಉಂಟು. ಅದಕ್ಕಿಂತ ಸ್ವಾರಸ್ಯವೆಂದರೆ, ಅವರ ಆ ಅನುಮಾನವನ್ನೂ ವಿಜ್ಞಾನಿಗಳು ಅಳೆದು ನೋಡಿದ್ದಾರೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಎಲಿಜಬೆತ್ ಡನ್ ಮತ್ತು ಲಾರಾ ಅಕ್ನಿನ್, ಹಾರ್ವರ್ಡ್‌ನ ಮೈಕೆಲ್ ನಾರ್ಟನ್ ಜೊತೆ ಸೇರಿ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಬೆಳಿಗ್ಗೆ 46 ಜನರ ಕೈಗೆ ಒಂದೊಂದು ಲಕೋಟೆ ಕೊಟ್ಟರು. ಕೆಲವು ಲಕೋಟೆಯಲ್ಲಿ 5 ಡಾಲರ್, ಕೆಲವದರಲ್ಲಿ 20. ಸಂಜೆ ಐದರೊಳಗೆ ಹಣ ಖರ್ಚಾಗಬೇಕು. ಅರ್ಧ ಜನ ತಮಗಾಗಿಯೇ ಖರ್ಚು ಮಾಡಬೇಕು, ಉಳಿದವರು ಯಾರಿಗಾದರೂ ಉಡುಗೊರೆ ಕೊಡಬೇಕು ಇಲ್ಲವೇ ದಾನ ಮಾಡಬೇಕು. ಸಂಜೆ ಫೋನ್ ಮಾಡಿ ವಿಚಾರಿಸಿದಾಗ, ಬೇರೆಯವರಿಗಾಗಿ ಖರ್ಚು ಮಾಡಿದವರೇ ಹೆಚ್ಚು ಸಂತೋಷವಾಗಿದ್ದರು. ಲಕೋಟೆಯಲ್ಲಿದ್ದದ್ದು ಐದೋ ಇಪ್ಪತ್ತೋ ಎಂಬುದರಿಂದ ವ್ಯತ್ಯಾಸವೇನೂ ಆಗಲಿಲ್ಲ.

ಇದೇ ಸನ್ನಿವೇಶವನ್ನು ವಿವರಿಸಿ ಬೇರೆ 109 ವಿದ್ಯಾರ್ಥಿಗಳನ್ನು ಕೇಳಿದರು: ಯಾರಿಗೆ ಹೆಚ್ಚು ಖುಷಿಯಾದೀತು? ತಮಗಾಗಿ ಖರ್ಚು ಮಾಡಿಕೊಂಡವರಿಗೆ ಎಂದವರು 69 ಜನ. ಐದಕ್ಕಿಂತ ಇಪ್ಪತ್ತು ಡಾಲರ್ ಹೆಚ್ಚು ಖುಷಿ ಕೊಡುತ್ತದೆ ಎಂದವರು 94. ಎರಡು ಊಹೆಯೂ ತಪ್ಪು.

ಊಹೆ ಏಕೆ ದಾರಿ ತಪ್ಪುತ್ತದೆ? ಮದುವೆ ಮನೆಯಲ್ಲಿ ಮುಯ್ಯಿ ಬರೆಯುವ ಪುಸ್ತಕವನ್ನು ನೆನಪಿಸಿಕೊಳ್ಳಿ. ಯಾರು, ಯಾವ ಊರು, ಎಷ್ಟು ರೂಪಾಯಿ — ಅಷ್ಟೇ ಅದರ ಲೆಕ್ಕ. ಮುಯ್ಯಿ ಕೊಡಲು ಬಂದ ಸೋದರತ್ತೆ ಹುಡುಗಿಯ ಗಲ್ಲ ಸವರಿದ್ದು, ಹಳೆಯ ನೆರೆಮನೆಯವರು ಹತ್ತು ನಿಮಿಷ ನಿಂತು ಮಾತಾಡಿದ್ದು ಅದರಲ್ಲಿ ದಾಖಲಾಗುವುದಿಲ್ಲ. ಕೊಡುವ ಮುಂಚೆ ನಮ್ಮ ಮನಸ್ಸು ಇಡುವ ಲೆಕ್ಕವೂ ಇಂಥದ್ದೇ. ಕೈಬಿಟ್ಟು ಹೋಗುವ ಹಣ ಅದಕ್ಕೆ ನಿಚ್ಚಳವಾಗಿ ಕಾಣುತ್ತದೆ. ಕೊಡುವಾಗ ಹುಟ್ಟುವ ನಂಟು ಇನ್ನೂ ನಡೆದಿಲ್ಲ, ಹಾಗಾಗಿ ಅದಕ್ಕೊಂದು ಸಾಲೂ ಇರುವುದಿಲ್ಲ.

ಸಂಶೋಧಕರಾದ ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಶಿಕಾಗೋದ ಮ್ಯಾಗಿ ಡೇಲಿ ಪಾರ್ಕಿನಲ್ಲಿ ಕಂಡದ್ದೂ ಇದನ್ನೇ. ಕೊರೆಯುವ ಚಳಿಯಲ್ಲಿ ಬಂದವರಿಗೆ ಒಂದು ಲೋಟ ಬಿಸಿ ಚಾಕೊಲೇಟ್ ಸಿಗುತ್ತಿತ್ತು. ತಾವೇ ಕುಡಿಯಬಹುದು, ಇಲ್ಲವೇ ಅಪರಿಚಿತರಿಗೆ ಕೊಡಬಹುದು. 84 ಜನರಲ್ಲಿ 75 ಮಂದಿ ಕೊಟ್ಟರು. ಪಡೆದವರಿಗೆ ಎಷ್ಟು ಖುಷಿಯಾಗಬಹುದು ಎಂದು ಅವರು ಅಂದಾಜು ಮಾಡಿದ್ದಕ್ಕಿಂತ ನಿಜವಾದ ಖುಷಿ ದೊಡ್ಡದಿತ್ತು. ಕೊಟ್ಟವರು ಪಾನೀಯಕ್ಕೆ ಬೆಲೆ ಕಟ್ಟಿದ್ದರು. ಪಡೆದವರು ಅದರ ಹಿಂದಿನ ಪ್ರೀತಿಯನ್ನೂ ಸೇರಿಸಿ ಬೆಲೆ ಕಟ್ಟಿದರು.

ಎರಡನೆಯ ಕಾರಣ ಸಾಮಾಜಿಕ. ಡೇಲ್ ಮಿಲ್ಲರ್ ಮತ್ತು ರೆಬೆಕಾ ರಾಟ್ನರ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ವಿದ್ಯಾರ್ಥಿಗಳನ್ನು ರಕ್ತದಾನದ ಬಗ್ಗೆ ಕೇಳಿದ್ದರು. 15 ಡಾಲರ್ ಕೊಟ್ಟರೆ ರಕ್ತ ಕೊಡುತ್ತೇವೆ ಎಂದವರು ನೂರಕ್ಕೆ 73. ಏನೂ ಇಲ್ಲದಿದ್ದರೂ ಕೊಡುತ್ತೇವೆ ಎಂದವರು 63. ಆದರೆ ಬೇರೆಯವರ ಬಗ್ಗೆ ಊಹಿಸಿ ಎಂದಾಗ, ದುಡ್ಡಿಲ್ಲದಿದ್ದರೆ ಕೊಡುವವರು ಇದರ ಅರ್ಧದಷ್ಟೇ ಎಂದುಬಿಟ್ಟರು. ಜನ ಸ್ವಾರ್ಥಿಗಳು ಎಂಬುದನ್ನು ನಾವು ಲೋಕಜ್ಞಾನ ಎಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಹಾಗಾಗಿ ಒಳ್ಳೆಯ ಕೆಲಸ ಮಾಡಿದವರೂ ಮುಜುಗರದಿಂದ ‘ಏನೋ, ಬಿಡುವಿತ್ತು, ಮಾಡಿದೆ’ ಎನ್ನುತ್ತಾರೆ. ಕೇಳಿದವರ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

ಹಾಗೆಂದು ‘ದಾನ ಮಾಡಿ, ಸಂತೋಷ ಖಚಿತ’ ಎಂದು ಮಾರುವ ಪುಸ್ತಕಗಳನ್ನು ನಾನು ಒಪ್ಪುವುದಿಲ್ಲ. 46 ಜನರ ಪ್ರಯೋಗದ ಮೇಲೆ ಅಷ್ಟು ಭಾರ ಹೇರಬಾರದು. ಅಕ್ನಿನ್ ಮತ್ತು ಸಂಗಡಿಗರೇ 2020ರಲ್ಲಿ, ವಿಧಾನವನ್ನು ಮೊದಲೇ ನೋಂದಾಯಿಸಿ, ಈ ಪರೀಕ್ಷೆಯನ್ನು ದೊಡ್ಡ ಪ್ರಮಾಣದಲ್ಲಿ ಮತ್ತೆ ನಡೆಸಿದರು. 712 ವಿದ್ಯಾರ್ಥಿಗಳ ಪ್ರಯೋಗದಲ್ಲಿ, ಕಷ್ಟದಲ್ಲಿದ್ದವರಿಗಾಗಿ ಏನಾದರೂ ಕೊಂಡವರಿಗೆ ಹೆಚ್ಚು ಸಂತೋಷವಾದದ್ದು ನಿಜವೇ. ಹಳೆಯ ಖರ್ಚನ್ನು ನೆನಪಿಸಿಕೊಳ್ಳಿ ಎಂದು ಕೇಳಿದ ಪ್ರಯೋಗಗಳಲ್ಲಿ ಮಾತ್ರ ಪರಿಣಾಮ ಕ್ಷೀಣವಾಗಿತ್ತು. ಕೊಡುವುದು ಮನಸಾರೆ ಇರಬೇಕೆಂಬುದನ್ನೂ ಸಂಶೋಧನೆಗಳು ತೋರಿಸಿವೆ. ಚಂದಾ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತವರಿಗೆ ದಾಕ್ಷಿಣ್ಯಕ್ಕೆ ಕೊಟ್ಟ ನೂರು ರೂಪಾಯಿ ಈ ಸುಖ ತರಲಾರದು. ಆದರೂ ಇದು ಶ್ರೀಮಂತ ದೇಶಗಳ ವಿಲಾಸವಲ್ಲ: 2013ರ ವರದಿಯೊಂದರಲ್ಲಿ, ಸಮೀಕ್ಷೆ ನಡೆದ 136 ದೇಶಗಳ ಪೈಕಿ 120ರಲ್ಲಿ ದಾನಕ್ಕೂ ನೆಮ್ಮದಿಗೂ ನಂಟು ಕಂಡಿತ್ತು.

ಇಷ್ಟಾದರೂ ಅನುಮಾನ ಉಳಿದರೆ ನಷ್ಟವೇನು ಎನ್ನಬಹುದು. ನಷ್ಟವಿದೆ. ದುಡ್ಡಿಲ್ಲದೆ ಯಾರೂ ರಕ್ತ ಕೊಡುವುದಿಲ್ಲ ಎಂದು ನಂಬಿದ ಸಂಘಟಕರು ಜನರನ್ನು ಕೇಳುವುದನ್ನೇ ಬಿಡುತ್ತಾರೆ. ಕೇಳುವವರಿಲ್ಲವೆಂದು ಕೊಡಬಲ್ಲವರು ಮನೆಯಲ್ಲೇ ಉಳಿಯುತ್ತಾರೆ, ತಪ್ಪು ಊಹೆಯೇ ನಿಜವಾಗಿಬಿಡುತ್ತದೆ. ಭಾರತದಲ್ಲಿ 1998ರ ಜನವರಿಯಿಂದ ದುಡ್ಡಿಗೆ ರಕ್ತ ಮಾರುವುದು ನಿಷಿದ್ಧ. ನಮ್ಮ ರಕ್ತನಿಧಿಗಳು ನಿಂತಿರುವುದೇ ಹಣ ಪಡೆಯದೆ ರಕ್ತ ಕೊಡುವವರ ಮೇಲೆ. ಅಂಥವರು ನಾವಂದುಕೊಂಡದ್ದಕ್ಕಿಂತ ಹೆಚ್ಚಿದ್ದಾರೆ ಎಂಬ ಭರವಸೆಯಿಂದ ಕೇಳುವುದಕ್ಕೆ ಈಗ ನಮ್ಮ ಬಳಿ ಆಧಾರವಿದೆ.